ಬಾಕಿ ಉಳಿಸಿಕೊಂಡ ಒಂದು ವಿಷಯ

ನನ್ನ ತಂದೆ ತಿಪಟೂರು ತಾಲ್ಲೂಕಿನ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಹದಿನೇಳು ವರ್ಷ ಮುಖ್ಯೋಪಾಧ್ಯಾಯರಾಗಿದ್ದರು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನಮ್ಮ ಮನೆಯ ಜಗಲಿ ಖಾಲಿ ಇರುತ್ತಿರಲಿಲ್ಲ. ಒಂದೇ ಒಂದು ವಿಷಯದಲ್ಲಿ ಎರಡೋ ಮೂರೋ ಅಂಕಕ್ಕೆ ನಪಾಸಾದ ಮಕ್ಕಳ ತಂದೆತಾಯಿಗಳು ಬಂದು ಕೂತು, ಸಪ್ಲಿಮೆಂಟರಿಗೆ ಯಾವಾಗ ಕಟ್ಟಬೇಕು, ಹೇಗಾದರೂ ಆ ಒಂದನ್ನು ದಾಟಿಸಲು ಆಗದೇ ಎಂದು ಕೇಳುತ್ತಿದ್ದರು. ಅಂಥ ಮನೆಯಲ್ಲಿ ಬೆಳೆದ ನಾನು ನನ್ನ ಸ್ವಂತ ಮಗನ ವಿಷಯದಲ್ಲಿ ಶಾಲೆಯ ಮೇಜಿನ ಮುಂದೆ ಕೂತು, ಇವನು ಅರ್ಥಶಾಸ್ತ್ರವನ್ನು ಈಗ ಮುಗಿಸುವುದು ಬೇಡ, ಅದೊಂದು ಬಾಕಿ ಇರಲಿ ಎಂದು ಬರೆಸಿಕೊಂಡು ಬಂದೆ. ಅಂದು ರಾತ್ರಿ ಫೋನಿನಲ್ಲಿ ಇದನ್ನು ಹೇಳಿದಾಗ ಅಪ್ಪ ತುಸು ಹೊತ್ತು ಮಾತಾಡಲಿಲ್ಲ. ಆಮೇಲೆ, "ಬೇಕೂಂತ್ಲೇ ಒಂದು ಸಬ್ಜೆಕ್ಟ್ ಬಿಡಿಸೋದಾ? ನಮ್ಮ ಸ್ಕೂಲಲ್ಲಿ ಯಾರೂ ಹೀಗೆ ಕೇಳ್ಕೊಂಡು ಬಂದಿರ್ಲಿಲ್ಲ ಕಣಮ್ಮ" ಎಂದರು.

ಅವರಿಗೆ ಆ ದಿನ ಸರಿಯಾಗಿ ವಿವರಿಸಲು ನನ್ನಿಂದ ಆಗಲಿಲ್ಲ. ಈಗ ಬರೆಯುತ್ತಿರುವುದು ಆ ವಿವರಣೆಯೇ. ಕ್ಯಾಲಿಫೋರ್ನಿಯಾದಲ್ಲಿ ತಮ್ಮ ಮಕ್ಕಳನ್ನು ವಿಶೇಷ ಶಿಕ್ಷಣದ ನೆರವಿನೊಂದಿಗೆ ಹೈಸ್ಕೂಲಿಗೆ ಕಳಿಸುತ್ತಿರುವ ಕನ್ನಡದ ತಂದೆತಾಯಿಗಳು ಆಗಾಗ ನನಗೆ ಫೋನು ಮಾಡುತ್ತಾರೆ, ಮತ್ತು ಹತ್ತು ನಿಮಿಷ ಬೇರೇನೇನೋ ಮಾತಾಡಿದ ಮೇಲೆ ಎಲ್ಲರೂ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ: ಇವನಿಗೆ ಡಿಪ್ಲೊಮಾ ಸಿಗುತ್ತದೆಯೇ? ನಾನೂ ವರ್ಷಗಟ್ಟಲೆ ಅದನ್ನೇ ಕೇಳಿದವಳು.

ನಮ್ಮ ಊರಿನ ಕಡೆ ಡಿಪ್ಲೊಮಾ ಎಂದರೆ ಪಾಲಿಟೆಕ್ನಿಕ್ಕಿನ ಮೂರು ವರ್ಷದ ಓದು. ಇಲ್ಲಿ ಅದು 12ನೇ ತರಗತಿ ಮುಗಿಸಿದವರಿಗೆ ಶಾಲೆ ಕೊಡುವ ಪತ್ರ. ಕ್ಯಾಲಿಫೋರ್ನಿಯಾ ರಾಜ್ಯ ಇದಕ್ಕೆ ಕನಿಷ್ಠ ಎಂದು ಗೊತ್ತುಮಾಡಿರುವುದು ಒಂದೊಂದು ವರ್ಷದ 13 ಕೋರ್ಸುಗಳನ್ನು. ಮೂರು ವರ್ಷ ಇಂಗ್ಲಿಷ್, ಆಲ್ಜೀಬ್ರಾ ಸೇರಿದಂತೆ ಎರಡು ವರ್ಷ ಗಣಿತ, ಎರಡು ವರ್ಷ ವಿಜ್ಞಾನ, ಮೂರು ವರ್ಷ ಸಮಾಜ, ಎರಡು ವರ್ಷ ವ್ಯಾಯಾಮ ಶಿಕ್ಷಣ, ಕಲೆ ಅಥವಾ ಪರಭಾಷೆಯಂಥದ್ದು ಒಂದು. ಇದರ ಮೇಲೆ ಒಂದೊಂದು ಸ್ಕೂಲ್ ಡಿಸ್ಟ್ರಿಕ್ಟೂ, ಅಂದರೆ ಆಯಾ ಪ್ರದೇಶದ ಶಾಲೆಗಳನ್ನು ನಡೆಸುವ ಮಂಡಳಿಯೂ, ತನ್ನದೊಂದಿಷ್ಟು ಸೇರಿಸುತ್ತದೆ. ಹಿಂದೆ ರಾಜ್ಯಮಟ್ಟದ ಹೈಸ್ಕೂಲು ಪರೀಕ್ಷೆಯೊಂದಿತ್ತು. 2006ರಲ್ಲಿ ಶಾಲೆ ಮುಗಿಸಿದವರಿಂದ ಅದು ಕಡ್ಡಾಯವಾಯಿತು, ವಿಶೇಷ ಶಿಕ್ಷಣದ ಮಕ್ಕಳ ಪಾಲಿಗೆ ದೊಡ್ಡ ಗೋಡೆಯಾಯಿತು, 2015ರಲ್ಲಿ ಅದನ್ನು ನಿಲ್ಲಿಸಿದರು. ಹೀಗಾಗಿ ಈಗ ಲೆಕ್ಕಕ್ಕೆ ಬರುವುದು ಕೋರ್ಸುಗಳು ಮಾತ್ರ.

ನನ್ನ ಮಗ ಹುಟ್ಟಿದ್ದು 2006ರ ಫೆಬ್ರುವರಿಯಲ್ಲಿ. ಮೂರು ವರ್ಷವಾದಾಗ ಆಟಿಸಂ ಎಂದು ಗೊತ್ತಾಯಿತು. ಅವನು ಇಂಗ್ಲಿಷನ್ನು ತಡವರಿಸದೆ ಓದುತ್ತಾನೆ, ಕೂಡುವುದು ಕಳೆಯುವುದರಲ್ಲಿ ನನಗಿಂತ ಚುರುಕು. 'ಯಾಕೆ' ಎಂಬ ಪದದಿಂದ ಶುರುವಾಗುವ ಪ್ರಶ್ನೆ ಬಂದರೆ ಮಾತ್ರ ಅಲ್ಲೇ ನಿಲ್ಲುತ್ತಾನೆ. ಇಂಥ ಹುಡುಗನಿಗೆ ಶಾಲೆ ಏನು ಕಲಿಸಬೇಕು, ಯಾರು ಕಲಿಸಬೇಕು, ವಾರಕ್ಕೆ ಎಷ್ಟು ನಿಮಿಷ ಮಾತಿನ ತರಬೇತಿ, ಎಷ್ಟು ಹೊತ್ತು ಸಾಮಾನ್ಯ ತರಗತಿ ಎಂಬುದನ್ನೆಲ್ಲ ಬರೆದಿಡುವ ದಾಖಲೆಗೆ ಐಇಪಿ ಎನ್ನುತ್ತಾರೆ. ವರ್ಷಕ್ಕೊಮ್ಮೆಯಾದರೂ ಸಭೆ ಸೇರಿ ಅದನ್ನು ತಿದ್ದಬೇಕು, ಪೋಷಕರೂ ಆ ತಂಡದ ಸದಸ್ಯರು, ಮತ್ತು ಕ್ಯಾಲಿಫೋರ್ನಿಯಾದಲ್ಲಿ ಬೇಕಾದ ಭಾಗಕ್ಕೆ ಒಪ್ಪಿ ಬೇಡದ ಭಾಗವನ್ನು ತಡೆಹಿಡಿಯುವ ಅಧಿಕಾರವೂ ಅವರಿಗಿದೆ. ಸಭೆಗೆ ದುಭಾಷಿ ಬೇಕೆಂದು ಕೇಳಲು ಅವಕಾಶವಿದೆ ಎಂದು ಪ್ರತಿ ವರ್ಷ ಒಂದು ಹಾಳೆಯಲ್ಲಿ ಬರೆದು ಕೊಡುತ್ತಿದ್ದರು. ನಾವು ಒಮ್ಮೆಯೂ ಕೇಳಲಿಲ್ಲ. ಇಬ್ಬರೂ ಎಂಜಿನಿಯರುಗಳು, ಇಂಗ್ಲಿಷ್ ಬಾರದೇನು ಎಂಬ ಬಿಗುಮಾನ. ಐಇಪಿಯ ಇಂಗ್ಲಿಷ್ ಬೇರೆಯೇ ಒಂದು ಭಾಷೆ ಎಂದು ತಿಳಿಯುವಷ್ಟರಲ್ಲಿ ಹತ್ತು ವರ್ಷ ಕಳೆದಿತ್ತು.

ಆ ಭಾಷೆಯಲ್ಲಿ ನಾನು ತಡವಾಗಿ ಕಲಿತ ಎರಡು ಪದಗಳಿವೆ: ಅಕಾಮಡೇಷನ್ ಮತ್ತು ಮಾಡಿಫಿಕೇಷನ್. ಕಿವಿಗೆ ಎರಡೂ ಒಂದೇ ಬಗೆಯ ಉಪಕಾರದಂತೆ ಕೇಳಿಸುತ್ತವೆ. ಮೊದಲನೆಯದು ಪಾಠವನ್ನು ಹಾಗೆಯೇ ಇಟ್ಟು ದಾರಿಯನ್ನು ಮಾತ್ರ ಸಲೀಸು ಮಾಡುತ್ತದೆ: ಹೆಚ್ಚಿನ ಸಮಯ, ದೊಡ್ಡ ಅಕ್ಷರ, ಪ್ರಶ್ನೆಯನ್ನು ಓದಿ ಹೇಳುವವರು. ಎರಡನೆಯದು ಪಾಠವನ್ನೇ ಬದಲಿಸುತ್ತದೆ. ಹತ್ತು ಪ್ರಶ್ನೆಯ ಜಾಗದಲ್ಲಿ ಮೂರು, ಅದೂ ಕೆಳಗಿನ ತರಗತಿಯ ಮಟ್ಟದ್ದು. ಪಾಠ ಬದಲಾದ ಕೋರ್ಸು ಸಾಮಾನ್ಯವಾಗಿ ಡಿಪ್ಲೊಮಾದ ಲೆಕ್ಕಕ್ಕೆ ಬರುತ್ತಿರಲಿಲ್ಲ. ಮಧ್ಯಮ ಶಾಲೆಯಲ್ಲಿದ್ದಾಗ, ಹುಡುಗನಿಗೆ ಹನ್ನೆರಡೋ ಹದಿಮೂರೋ ವರ್ಷ ವಯಸ್ಸಿನಲ್ಲಿ, ನಗುನಗುತ್ತ ಕೊಟ್ಟ ಒಂದು ಮಾಡಿಫಿಕೇಷನ್ ಮುಂದೆ ಅವನನ್ನು ಡಿಪ್ಲೊಮಾದ ಹಳಿಯಿಂದಲೇ ಇಳಿಸಿಬಿಡಬಹುದು ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ನಮಗೂ ಹೇಳಲಿಲ್ಲ. ಅದು ಗೊತ್ತಾದ ದಿನ ನಾನು ಜಗಳವಾಡಿ ಆ ಸಾಲನ್ನು ತೆಗೆಸಿದೆ. 2020ರ ಆಗಸ್ಟಿನಲ್ಲಿ, ಕೋವಿಡ್ಡಿನ ನಡುವೆ, ಊಟದ ಮೇಜಿನ ಮೇಲಿನ ಲ್ಯಾಪ್‌ಟಾಪಿನಲ್ಲಿ ಅವನ 9ನೇ ತರಗತಿ ಶುರುವಾದಾಗ ಅವನು ಡಿಪ್ಲೊಮಾದ ಹಾದಿಯಲ್ಲಿದ್ದ. ಗೆದ್ದೆ ಎಂದುಕೊಂಡೆ.

ಆಲ್ಜೀಬ್ರಾ ದಾಟಲು ಎರಡು ವರ್ಷ ಹಿಡಿಯಿತು, ಜೀವಶಾಸ್ತ್ರಕ್ಕೆ ಪ್ರತಿ ರಾತ್ರಿ ಎರಡು ಗಂಟೆ. 11ನೇ ತರಗತಿಯ ಸಭೆಯಲ್ಲಿ ಶಾಲೆಯವರು ಬಹಳ ಸಂತೋಷದಿಂದ ಒಂದು ಹಾಳೆ ಮುಂದಿಟ್ಟರು: ಇದೇ ವೇಗದಲ್ಲಿ ಹೋದರೆ 2024ರ ಜೂನ್‌ನಲ್ಲಿ, ಎಲ್ಲ ಮಕ್ಕಳ ಜೊತೆಯಲ್ಲೇ, ಇವನಿಗೂ ಡಿಪ್ಲೊಮಾ. ನನ್ನ ಕಣ್ಣಲ್ಲಿ ನೀರು ಬಂತು. ಅದೇ ಹಾಳೆಯ ಕೆಳಗೆ ಸಣ್ಣ ಅಕ್ಷರದಲ್ಲಿ, ಆ ದಿನದಿಂದ ವಿಶೇಷ ಶಿಕ್ಷಣದ ಸೇವೆಗಳು ಮುಕ್ತಾಯ ಎಂದಿತ್ತು. ನನ್ನ ಗಂಡ ಅದನ್ನು ತೋರಿಸಿ, ಹಾಗೆಂದರೇನು ಎಂದು ಕೇಳಿದರು. ಮೇಜಿನ ಆಚೆ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಹಾಗೆಂದರೆ ಏನೆಂಬುದು ತಿಳಿಯಲು ಅರ್ಧ ಶತಮಾನ ಹಿಂದೆ ಹೋಗಬೇಕು. 1970ರ ದಶಕದ ಮೊದಲ ವರ್ಷಗಳವರೆಗೂ ಅಮೆರಿಕದ ಶಾಲೆಗಳು ಅಂಗವಿಕಲ ಮಕ್ಕಳನ್ನು ಬಾಗಿಲಲ್ಲೇ ವಾಪಸು ಕಳಿಸಬಹುದಿತ್ತು. ಎಂಬತ್ತು ಲಕ್ಷ ಅಂಗವಿಕಲ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ತಕ್ಕ ಶಿಕ್ಷಣ ಸಿಗುತ್ತಿಲ್ಲ, ಹತ್ತು ಲಕ್ಷ ಮಕ್ಕಳು ಸಾರ್ವಜನಿಕ ಶಾಲೆಯಿಂದ ಪೂರ್ತಿ ಹೊರಗಿದ್ದಾರೆ ಎಂದು ಇಲ್ಲಿನ ಸಂಸತ್ತೇ ಕಾನೂನಿನಲ್ಲಿ ಬರೆದುಕೊಂಡಿತು. 1975ರ ನವೆಂಬರ್ 29ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದ ಆ ಕಾನೂನೇ 1990ರಲ್ಲಿ ಐಡಿಇಎ ಎಂಬ ಹೆಸರು ಪಡೆಯಿತು. ಮೂರನೆಯ ವಯಸ್ಸಿನಿಂದ ಉಚಿತವಾದ, ಮಗುವಿಗೆ ತಕ್ಕುದಾದ ಶಿಕ್ಷಣ ಅದು ಕೊಡುವ ಹಕ್ಕು. ಕ್ಯಾಲಿಫೋರ್ನಿಯಾದಲ್ಲಿ ಈ ಹಕ್ಕು 22 ತುಂಬುವವರೆಗೆ ಇರುತ್ತದೆ. 22ಕ್ಕೆ ಮೊದಲೇ ಅದು ಮುಗಿಯಬಹುದಾದ ದಾರಿಗಳಲ್ಲಿ ಒಂದು, ಮಾಮೂಲಿ ಡಿಪ್ಲೊಮಾ ಕೈಗೆ ಬರುವುದು. ಕಾನೂನಿನ ದೃಷ್ಟಿಯಲ್ಲಿ ಶಾಲೆಯ ಕೆಲಸ ಆಗಿಹೋಯಿತು. ಹುಡುಗನಿಗೆ ಒಬ್ಬನೇ ರಸ್ತೆ ದಾಟಲು ಬರುತ್ತದೆಯೋ, ಅಂಗಡಿಯಲ್ಲಿ ಚಿಲ್ಲರೆ ಎಣಿಸಿ ತೆಗೆದುಕೊಳ್ಳಲು ಬರುತ್ತದೆಯೋ ಎಂಬುದು ಅಲ್ಲಿ ಪ್ರಶ್ನೆಯಲ್ಲ. ಮತ್ತೊಮ್ಮೆ ಪರೀಕ್ಷಿಸಿ ನೋಡಬೇಕೆಂಬ ನಿಯಮವೂ ಇಲ್ಲ. ಮುಂಚಿತವಾಗಿ ಒಂದು ನೋಟಿಸು, ಅವನ ಸಾಮರ್ಥ್ಯಗಳ ಒಂದು ಸಾರಾಂಶ, ಇವಿಷ್ಟನ್ನು ಕೊಟ್ಟರೆ ಸಾಕು.

ಅಂದರೆ ನಾನು ನಾಲ್ಕು ವರ್ಷ ಹಟಹಿಡಿದು ಕೇಳಿದ್ದು ಅಂಕಪಟ್ಟಿಯನ್ನು. ಅದರ ಹಿಂದೆಯೇ ಟಿಸಿ ಅಂಟಿಕೊಂಡಿತ್ತು.

ಯಾಕೆ ಅಷ್ಟು ಹಟ ಎಂದು ಆಮೇಲೆ ಯೋಚಿಸಿದ್ದೇನೆ. ನನ್ನ ಲೆಕ್ಕಾಚಾರ ತಿಪಟೂರಿನದಾಗಿತ್ತು, ಮತ್ತು ತಿಪಟೂರಿನಲ್ಲಿ ಅದು ತಪ್ಪೇನಲ್ಲ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಮಗುವಿಗೆ ಸಿಗುವುದು ಬಹಳ, ಕಳೆದುಹೋಗುವುದು ಏನೂ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ 4ರಷ್ಟು ಮೀಸಲಾತಿ ಕೊಟ್ಟಿದೆ, ಆಟಿಸಂ ಮತ್ತು ಬೌದ್ಧಿಕ ಅಂಗವೈಕಲ್ಯವನ್ನೂ ಅದರೊಳಗೆ ತಂದಿದೆ. ಅರ್ಜಿ ಹಾಕಲು ಹೋದರೆ ಕೆಳಗಿನ ಎಷ್ಟೋ ಹುದ್ದೆಗಳಿಗೂ ಹತ್ತನೆಯ ತರಗತಿ ಬೇಕು. ಪಾಸ್‌ಪೋರ್ಟಿನಲ್ಲಿ ವಲಸೆಗೆ ಮುನ್ನ ತಪಾಸಣೆ ಬೇಕು ಎಂಬ ಇಸಿಆರ್ ಮುದ್ರೆ ಬೀಳದಿರಲಿಕ್ಕೂ ಅದೇ ಅಂಕಪಟ್ಟಿ ನೆರವಾಗುತ್ತದೆ. ಇನ್ನೊಂದು ಕಡೆ ಆ ಕಾಯ್ದೆ ಉಚಿತ ಶಿಕ್ಷಣದ ಹಕ್ಕು ಕೊಡುವುದು 6ರಿಂದ 18ರವರೆಗೆ. ಪಾಸಾಗಲಿ ಬಿಡಲಿ, 18 ತುಂಬಿದ ಮೇಲೆ ಶಾಲೆಯಿಂದ ಬರಬೇಕಾದ್ದು ಎಂದು ಏನೂ ಉಳಿದಿರುವುದಿಲ್ಲ. ಬೆಂಗಳೂರಿನಲ್ಲಿರುವ ನನ್ನ ದೊಡ್ಡಮ್ಮನ ಮಗಳು ತನ್ನ ಹುಡುಗನನ್ನು ರಾಷ್ಟ್ರೀಯ ಮುಕ್ತ ಶಾಲೆಯಾದ ಎನ್‌ಐಓಎಸ್‌ಗೆ ಸೇರಿಸಿದ್ದಾಳೆ. ಒಮ್ಮೆ ನೋಂದಾಯಿಸಿದರೆ ಐದು ವರ್ಷ, ಒಂಬತ್ತು ಅವಕಾಶ. ಒಂದೊಂದೇ ವಿಷಯ ಬರೆದು ದಾಟಿಸಬಹುದು. ಅವನು ಪೇಂಟಿಂಗ್ ಮತ್ತು ಹೋಮ್ ಸೈನ್ಸ್ ಮುಗಿಸಿದ್ದಾನೆ, ಉಳಿದದ್ದು ನಿಧಾನ. ಅವಳ ಅವಸರ, ಅವಳ ಸಂಭ್ರಮ ಎರಡೂ ಅವಳಿರುವ ಜಾಗಕ್ಕೆ ಸರಿಯಾಗಿಯೇ ಇವೆ. ಕಾಗದಕ್ಕೆ ಬೆಲೆ ತೆರಬೇಕಾದ ದೇಶಕ್ಕೆ ಬಂದು, ಕಾಗದ ಪುಕ್ಕಟೆ ಲಾಭವಾಗಿರುವ ಊರಿನ ಆಸೆಯನ್ನು ಜೊತೆಯಲ್ಲಿ ಇಟ್ಟುಕೊಂಡಿದ್ದವಳು ನಾನು.

ಇನ್ನೊಂದು ಹಾದಿಯೂ ಇತ್ತು, ಅದರ ಹೆಸರು ಸರ್ಟಿಫಿಕೇಟ್ ಆಫ್ ಕಂಪ್ಲೀಷನ್. ತನಗೆಂದು ಗೊತ್ತುಮಾಡಿದ ಪಾಠಕ್ರಮವನ್ನೋ ಐಇಪಿಯ ಗುರಿಗಳನ್ನೋ ಮುಗಿಸಿದವರಿಗೆ ಕೊಡುವ ಪತ್ರ. ಅದನ್ನು ಪಡೆದರೂ 22ರವರೆಗಿನ ಹಕ್ಕು ಹಾಗೇ ಉಳಿಯುತ್ತದೆ. ಆದರೆ ಕೆಲಸ ಕೊಡುವವರು ಅದನ್ನು ಡಿಪ್ಲೊಮಾ ಎಂದು ಒಪ್ಪಬೇಕಾಗಿಲ್ಲ. ಸೇನೆಗೂ ಅದು ಸಾಲದು. ಬೌದ್ಧಿಕ ಅಂಗವೈಕಲ್ಯ ಇರುವವರಿಗೆಂದು 2008ರ ಕಾನೂನು ಒಪ್ಪಿಕೊಂಡ ಕೆಲವು ವಿಶೇಷ ಕಾಲೇಜು ಕಾರ್ಯಕ್ರಮಗಳನ್ನು ಬಿಟ್ಟರೆ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವೂ ಅದರ ಮೇಲೆ ಸಿಗುವುದಿಲ್ಲ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳು ಮಾತ್ರ 18 ದಾಟಿದವರಿಗೆ, ಡಿಪ್ಲೊಮಾ ಇರಲಿ ಬಿಡಲಿ, ಬಾಗಿಲು ತೆರೆದಿಟ್ಟಿವೆ. ಇದನ್ನು ನಾನು ಎಲ್ಲ ತಂದೆತಾಯಿಗಳಿಗೂ ಮೊದಲೇ ಹೇಳುತ್ತೇನೆ, ಯಾಕೆಂದರೆ ಸರ್ಟಿಫಿಕೇಟ್ ಎಂದ ಕೂಡಲೇ ಮುಂದೆ ಓದೇ ಇಲ್ಲ ಎಂದುಕೊಂಡು ಕುಸಿದು ಕೂರುವವರನ್ನು ಕಂಡಿದ್ದೇನೆ.

2022ರಲ್ಲಿ ರಾಜ್ಯ ಮೂರನೆಯ ದಾರಿಯೊಂದನ್ನು ತೆರೆಯಿತು. ಆ ವರ್ಷದಿಂದ 9ನೇ ತರಗತಿಗೆ ಸೇರಿದವರಲ್ಲಿ, ತೀವ್ರ ಬೌದ್ಧಿಕ ತೊಂದರೆಯಿಂದಾಗಿ ಪರ್ಯಾಯ ಮೌಲ್ಯಮಾಪನದಲ್ಲಿರುವ ಮಕ್ಕಳು, ಅದೇ 13 ಕೋರ್ಸುಗಳನ್ನು ಪರ್ಯಾಯ ಮಟ್ಟದಲ್ಲಿ ಮುಗಿಸಿ ಡಿಪ್ಲೊಮಾ ಪಡೆಯಬಹುದು. ಪಡೆದ ಮೇಲೂ 22ರವರೆಗೆ ಸೇವೆ ನಿಲ್ಲುವುದಿಲ್ಲ. ಒಳ್ಳೆಯ ಕಾನೂನು, ಅದನ್ನು ತಂದವರಿಗೆ ಪುಣ್ಯ ಬರಲಿ. ಆದರೆ ಆ ಪರ್ಯಾಯ ಮೌಲ್ಯಮಾಪನಕ್ಕೆ ಕೇಂದ್ರದ ಕಾನೂನು ರಾಜ್ಯದಲ್ಲಿ ಪರೀಕ್ಷೆಗೆ ಒಳಪಡುವ ಒಟ್ಟು ಮಕ್ಕಳಲ್ಲಿ ಶೇ 1ರ ಮಿತಿ ಹಾಕಿದೆ. ನನ್ನ ಮಗ ಎರಡು ವರ್ಷ ಮೊದಲೇ 9ನೇ ತರಗತಿಗೆ ಸೇರಿದ್ದ. ತಡವಾಗಿ ಸೇರಿದ್ದರೂ ಆ ಶೇ 1ರೊಳಗೆ ಬರುತ್ತಿರಲಿಲ್ಲ. ಅವನು ಮಾಮೂಲಿ ಪರೀಕ್ಷೆ ಬರೆಯುವವನು, ಏದುಸಿರು ಬಿಡುತ್ತ ಬರೆಯುವವನು. ನಾನು ನೋಡಿದಂತೆ ಈ ವ್ಯವಸ್ಥೆಯಲ್ಲಿ ಹೆಚ್ಚು ಸೋರಿಹೋಗುವುದು ಇಂಥ ನಡುವಿನ ಮಕ್ಕಳೇ. ಇವರು ಕಷ್ಟಪಟ್ಟು ಪಾಸಾಗುತ್ತಾರೆ, ಪಾಸಾದ ತಪ್ಪಿಗೆ 18ಕ್ಕೇ ಮನೆಗೆ ಬರುತ್ತಾರೆ, ಆಮೇಲೆ ಕೋಣೆಯಲ್ಲಿ ಕೂತು ಯೂಟ್ಯೂಬ್ ನೋಡುತ್ತಾರೆ.

ಬಾಕಿ ಇಡುವ ಉಪಾಯವನ್ನು ನಮಗೆ ಹೇಳಿಕೊಟ್ಟವರು ವಕೀಲರಲ್ಲ, ಬಸ್‌ಸ್ಟಾಪಿನಲ್ಲಿ ಪರಿಚಯವಾದ ಒಬ್ಬ ವಿಯೆಟ್ನಾಮೀ ತಾಯಿ. ಅವರ ಮಗಳು ನಮ್ಮವನಿಗಿಂತ ಮೂರು ವರ್ಷ ದೊಡ್ಡವಳು. ಕೋರ್ಸುಗಳೆಲ್ಲ ಮುಗಿದರೆ ತಾನೇ ಡಿಪ್ಲೊಮಾ ಕೊಡುವುದು, ಒಂದನ್ನು ಕೊನೆಯ ವರ್ಷಕ್ಕೆ ಎತ್ತಿಡಿ ಎಂದರು. ಕಾನೂನು ಇದನ್ನು ತಡೆಯುವುದಿಲ್ಲ. ಹುಡುಗನಿಗೆ ಬದುಕಿನ ಕೌಶಲಗಳ ತರಬೇತಿ ಇನ್ನೂ ಬೇಕಿದೆ ಎಂದು ಐಇಪಿ ತಂಡ ಒಪ್ಪಿದರೆ ಮುಗಿಸುವ ದಿನಾಂಕವನ್ನು ಮುಂದಕ್ಕೆ ಬರೆಯಬಹುದು. ಎಲ್ಲ ಡಿಸ್ಟ್ರಿಕ್ಟುಗಳೂ ಸಲೀಸಾಗಿ ಒಪ್ಪುತ್ತವೆಂದು ಹೇಳಲಾರೆ. ನಮ್ಮದು ಮೂರು ಸಭೆ ತೆಗೆದುಕೊಂಡಿತು. ಒಪ್ಪಿಸಿದ್ದು ನಮ್ಮ ವಾದ ಅಲ್ಲ, ಕಾಗದದಲ್ಲೇ ಇದ್ದ ಒಂದು ಲೋಪ: 16ರ ವಯಸ್ಸಿನಿಂದ ಐಇಪಿಯಲ್ಲಿ ಇರಲೇಬೇಕಾದ, ಶಾಲೆಯ ನಂತರದ ಬದುಕಿಗೆ ಸಜ್ಜುಗೊಳಿಸುವ ಟ್ರಾನ್ಸಿಷನ್ ಯೋಜನೆಯ ಪುಟದಲ್ಲಿ, ಉದ್ಯೋಗ ಎಂಬ ಅಂಕಣದ ಕೆಳಗೆ, ಹುಡುಗನಿಗೆ ಕಂಪ್ಯೂಟರ್ ಇಷ್ಟ ಎಂದಷ್ಟೇ ಬರೆದಿತ್ತು. ಎರಡು ವರ್ಷ ಅದೇ ಸಾಲನ್ನು ನಕಲು ಮಾಡಿದ್ದರು. ಇಷ್ಟು ವರ್ಷ ನಾನೂ ಅದರ ಕೆಳಗೆ ಸಹಿ ಹಾಕುತ್ತಲೇ ಬಂದಿದ್ದೆ ಎಂಬುದನ್ನೂ ಹೇಳಬೇಕು.

ಹಾಗಾಗಿ 12ನೇ ತರಗತಿಯಲ್ಲಿ ಎಲ್ಲರೂ ಓದುವ ಅರ್ಧ ವರ್ಷದ ಅರ್ಥಶಾಸ್ತ್ರ ಬಾಕಿ ಉಳಿಯಿತು. 2024ರ ಜೂನ್‌ನಲ್ಲಿ ಸರ್ಟಿಫಿಕೇಟ್ ಹಿಡಿದು, ನೀಲಿ ಗೌನು ತೊಟ್ಟು, ತನ್ನ ಓರಗೆಯ ನಾನೂರು ಮಕ್ಕಳ ನಡುವೆ ಅವನೂ ವೇದಿಕೆ ದಾಟಿದ. ಸರ್ಟಿಫಿಕೇಟಿಗೆ ಅರ್ಹರಾದವರು ಆ ಸಮಾರಂಭದಲ್ಲಿ ಭಾಗವಹಿಸಬಹುದೆಂದು ರಾಜ್ಯದ ಶಿಕ್ಷಣ ಸಂಹಿತೆಯೇ ಹೇಳುತ್ತದೆ. ಯಾರ ದಾಕ್ಷಿಣ್ಯವೂ ಬೇಕಿಲ್ಲ. ವಿಡಿಯೋ ನೋಡಿದ ಅಪ್ಪ ಎರಡು ದಿನ ಬಿಟ್ಟು ಫೋನು ಮಾಡಿ, ಆ ಪತ್ರದ ಫೋಟೋ ತರಿಸಿಕೊಂಡು, ಕನ್ನಡಕ ಸರಿಮಾಡಿಕೊಂಡು ಓದಿ, "ಇದ್ರಲ್ಲಿ ರಿಜಿಸ್ಟರ್ ನಂಬರೇ ಇಲ್ವಲ್ಲಮ್ಮ" ಎಂದರು.

ಈಗ ಅವನು ಹೋಗುವುದು 18ರಿಂದ 22ರವರಿಗಾಗಿ ಇರುವ ಟ್ರಾನ್ಸಿಷನ್ ಕಾರ್ಯಕ್ರಮಕ್ಕೆ. ಕಪ್ಪುಹಲಗೆ ಇಲ್ಲ. ಸೋಮವಾರ ವಾರದ ಅಡುಗೆ ಏನೆಂದು ನಿರ್ಧರಿಸಿ ಪಟ್ಟಿ ಮಾಡುತ್ತಾರೆ, ಮಂಗಳವಾರ ಆ ಪಟ್ಟಿ ಹಿಡಿದು ಅಂಗಡಿಗೆ ಹೋಗುತ್ತಾರೆ. ವಾರಕ್ಕೆ ಎರಡು ದಿನ ಹಳೆಯ ಬಟ್ಟೆಗಳ ಅಂಗಡಿಯೊಂದರಲ್ಲಿ ಅಂಗಿಗಳನ್ನು ಅಳತೆಯ ಪ್ರಕಾರ ತೂಗುಹಾಕುವ ಕೆಲಸ, ಪಕ್ಕದಲ್ಲಿ ಒಬ್ಬ ತರಬೇತುದಾರ. ಬಸ್ಸು ಕಲಿಸಲು ಐದು ತಿಂಗಳು ಹಿಡಿಯಿತು. ಕ್ಲಿಪ್ಪರ್ ಕಾರ್ಡು ತೋರಿಸುವುದು, ಇಳಿಯುವ ಜಾಗಕ್ಕೆ ಮುಂಚೆ ಸೂಚನೆ ಕೊಡುವುದು ಇವೆಲ್ಲ ಒಂದೇ ವಾರದಲ್ಲಿ ಬಂದವು. ಉಳಿದ ಕಾಲವೆಲ್ಲ ಖರ್ಚಾದದ್ದು ಬಸ್ಸು ತಡವಾದರೆ ಏನು ಮಾಡಬೇಕು ಎಂಬುದಕ್ಕೆ. ಮೊದಮೊದಲು ಬಸ್ಸು ಮೂರು ನಿಮಿಷ ತಡವಾದರೂ ಕಿವಿ ಮುಚ್ಚಿಕೊಂಡು ನೆಲದ ಮೇಲೆ ಕೂರುತ್ತಿದ್ದ. ಈಗ ಫೋನು ತೆಗೆದು, ಎಲ್ ಕಮಿನೊ ರಸ್ತೆಯ 22ನೇ ನಂಬರು ಎಲ್ಲಿದೆ ಎಂದು ನೋಡಿ, ಬಂದು ನಿಂತವರಿಗೆಲ್ಲ ಕೇಳದಿದ್ದರೂ ಹೇಳುತ್ತಾನೆ. ಡಿಪ್ಲೊಮಾ ಕೈಗೆ ಬಂದಿದ್ದರೆ ಈ ಐದು ತಿಂಗಳನ್ನು ಯಾರು ಕೊಡುತ್ತಿದ್ದರು?

ಎಲ್ಲರಿಗೂ ಈ ನಾಲ್ಕು ವರ್ಷ ಪೂರ್ತಿ ಸಿಗುವುದೂ ಇಲ್ಲ. ಧಾರವಾಡದ ಕಡೆಯ ಒಂದು ಕುಟುಂಬ ನಮ್ಮ ಪಕ್ಕದ ಬೀದಿಯಲ್ಲಿತ್ತು. ತಂದೆಗೆ ಎಚ್‌-1ಬಿ, ಮಗಳಿಗೆ ಅವಲಂಬಿತರ ಎಚ್‌-4, ಗ್ರೀನ್ ಕಾರ್ಡಿನ ಸರದಿ ಇನ್ನೂ ದೂರ. ಸಾರ್ವಜನಿಕ ಶಾಲೆ ಯಾರ ವೀಸಾವನ್ನೂ ಕೇಳುವುದಿಲ್ಲ. ಆ ಹುಡುಗಿಗೂ 22ರವರೆಗೆ ಅದೇ ಹಕ್ಕು. ಆದರೆ ಅವಲಂಬಿತರ ವೀಸಾ ನಡೆಯುವುದು 21ರವರೆಗೆ ಮಾತ್ರ. ಬೇರೆ ಮಕ್ಕಳಾದರೆ ವಿದ್ಯಾರ್ಥಿ ವೀಸಾಕ್ಕೆ ಬದಲಾಗಿ ಕಾಲೇಜಿಗೆ ಹೋಗುತ್ತಾರೆ. ಈ ಹುಡುಗಿಗೆ ಆ ದಾರಿ ಇರಲಿಲ್ಲ. 21 ತುಂಬುವ ಎರಡು ತಿಂಗಳ ಮುಂಚೆ ಅವರು ಮನೆ ಖಾಲಿ ಮಾಡಿ ಹುಬ್ಬಳ್ಳಿಗೆ ಹೊರಟುಹೋದರು. ಅವಳ ಐಇಪಿಯ ಕಡತವನ್ನು ಜೊತೆಗೆ ಒಯ್ದಿದ್ದಾರೆ. ಅಲ್ಲಿ ಅದನ್ನು ಯಾರಿಗೆ ತೋರಿಸುವುದು ಎಂದು ಆ ತಾಯಿ ನನ್ನನ್ನು ಕೇಳಿದರು.

ನಮ್ಮವನಿಗೆ 2028ರ ಫೆಬ್ರುವರಿಯಲ್ಲಿ 22 ತುಂಬುತ್ತದೆ. ಆ ಶಾಲಾ ವರ್ಷ ಮುಗಿಯುವವರೆಗೆ, ಅಂದರೆ ಜೂನ್‌ವರೆಗೆ, ಬಿಡುತ್ತಾರೆ. ಅರ್ಥಶಾಸ್ತ್ರ ಆ ಕೊನೆಯ ವರ್ಷಕ್ಕೆ. ಅಲ್ಲಿಂದಾಚೆಗೆ ಶಾಲೆ ಇಲ್ಲ, ರೀಜನಲ್ ಸೆಂಟರ್ ಇದೆ. 1969ರ ಲ್ಯಾಂಟರ್‌ಮನ್ ಕಾಯ್ದೆಯಿಂದ ಬೆಳೆದುಬಂದ ಇಂಥ 21 ಕೇಂದ್ರಗಳು ಕ್ಯಾಲಿಫೋರ್ನಿಯಾದಲ್ಲಿವೆ, ಮತ್ತು ಈ ಬಗೆಯ ಅಂಗವೈಕಲ್ಯ ಇರುವವರಿಗೆ, ಅವರು ಬದುಕಿರುವವರೆಗೂ, ಅವು ಹೊಣೆ. ಆದರೆ ಶಾಲೆಯ ಬಸ್ಸು ದಿನಾ ಬೆಳಿಗ್ಗೆ ತಾನಾಗಿ ಬಂದು ನಿಂತಂತೆ ಆ ಸೇವೆ ಬಂದು ನಿಲ್ಲುವುದಿಲ್ಲ. ಕೇಳಬೇಕು, ಕಾಯಬೇಕು, ಮತ್ತೆ ಕೇಳಬೇಕು. ಕಾಯುವ ಪಟ್ಟಿಗಳಲ್ಲಿ ಈಗಲೇ ಹೆಸರು ಬರೆಸಿದ್ದೇವೆ.

18 ತುಂಬಿದ ದಿನವೇ ಐಇಪಿಗೆ ಸಹಿ ಹಾಕುವ ಹಕ್ಕು ನಮ್ಮಿಂದ ಅವನಿಗೆ ಹೋಯಿತು. ಕೋರ್ಟಿಗೆ ಹೋಗಿ ಅವನ ಮೇಲಿನ ಅಧಿಕಾರವನ್ನು ಪೂರ್ತಿ ನಮ್ಮ ಕೈಗೆ ತೆಗೆದುಕೊಳ್ಳಬಹುದಿತ್ತು, ಬಹಳ ಜನ ಹಾಗೆ ಮಾಡುತ್ತಾರೆ. ನಾವು ಸದ್ಯಕ್ಕೆ ಅವನ ಪಕ್ಕದಲ್ಲಿ ಕೂತು ಬಿಡಿಸಿ ಹೇಳುತ್ತೇವೆ, ನಿರ್ಧಾರ ಅವನದೇ. ಕಳೆದ ಸಭೆಯಲ್ಲಿ ಹದಿನೆಂಟು ಪುಟದ ಕಾಗದವನ್ನು ಅವನ ಮುಂದಿಟ್ಟರು. ಅಪ್ಪ ಬೇಸಿಗೆ ರಜೆಯಲ್ಲಿ ಸ್ಲೇಟಿನ ಮೇಲೆ ತಿದ್ದಿಸಿದ್ದ ಕನ್ನಡ ಅಕ್ಷರಗಳಲ್ಲಿ ಬರೆಯುತ್ತಾನೇನೋ ಎಂದು ನಾನು ಆಸೆಯಿಂದ ನೋಡುತ್ತಿದ್ದೆ. ಅವನು ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ, ಗೆರೆಯನ್ನು ದಾಟಿ, ದಿನಾಂಕ ಬರೆಯಬೇಕಾದ ಜಾಗವನ್ನೂ ನುಂಗಿಹಾಕುವಂತೆ ಹೆಸರು ಬರೆದ. ಗಡಿಯಾರ ನೋಡಿದ. ಸಭೆ ಮುಗಿಯಿತು ಎಂದು ಘೋಷಿಸಿ ಎದ್ದು ಹೊರಟ. ಕಾರ್ಯಸೂಚಿಯಲ್ಲಿ ಇನ್ನೂ ಎರಡು ವಿಷಯ ಇದ್ದವು, ಬಸ್ಸು 2.40ಕ್ಕೆ ಇತ್ತು.